ಅರ್ಧವಲ್ಲ, ಪೂರ್ತಿ



ಧಮ್ಮ ಬಂಧುಗಳೇ, ಈ ಭಾನುವಾರದ ಚಿಂತನೆ ಬರೆಯುವ ಸರದಿ ನನ್ನದು. ರಜೆಯ ದಿನವೆಂದು ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಓದಿದರೂ ಸರಿ.

ವಿನಯ ಪಿಟಕದ ಮಹಾವಗ್ಗದಲ್ಲಿ ಬರುವ ಒಂದು ಪ್ರಸಂಗ ನಿಮಗೆ ಗೊತ್ತಿರುವುದೇ. ಭಗವಾನ್ ಬುದ್ಧರು ಆನಂದರ ಜೊತೆ ಭಿಕ್ಖುಗಳ ವಸತಿಯನ್ನು ನೋಡುತ್ತಾ ಬರುತ್ತಿದ್ದಾಗ, ಹೊಟ್ಟೆಯ ಬೇನೆಯಿಂದ ಮೇಲೇಳಲಾಗದೆ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖು ಕಂಡ. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದ. ಯಾಕೆ ಎಂದರೆ, ನಾನು ಅವರ ಯಾವ ಉಪಯೋಗಕ್ಕೂ ಬಿದ್ದವನಲ್ಲ, ಅದಕ್ಕೇ ಅವರು ನನ್ನ ಕಡೆ ಬರುವುದಿಲ್ಲ ಎಂದ. ಆನಂದರು ನೀರು ತಂದರು. ಭಗವಾನರು ನೀರು ಹೊಯ್ದರು, ಆನಂದರು ತೊಳೆದರು. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು.

ನಾವು ಈ ಪ್ರಸಂಗ ಹೇಳುವಾಗಲೆಲ್ಲ ಇಲ್ಲಿಗೇ ಕಣ್ಣು ಒದ್ದೆ ಮಾಡಿಕೊಂಡು ನಿಲ್ಲಿಸಿಬಿಡುತ್ತೇವೆ. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಆದರೆ ಪ್ರಸಂಗ ಅಲ್ಲಿಗೆ ಮುಗಿಯುವುದಿಲ್ಲ. ಭಗವಾನರು ಆಮೇಲೆ ಭಿಕ್ಖುಗಳನ್ನೆಲ್ಲ ಸೇರಿಸಿ ಕೇಳುತ್ತಾರೆ. ಅವರು ಕರೆಸಿದ್ದು ವೈದ್ಯನನ್ನಲ್ಲ, ಆ ರೋಗಿಯ ಜೊತೆ ಒಂದೇ ಸೂರಿನಡಿ ಇದ್ದ ಸಂಗಾತಿಗಳನ್ನು. ನೀವು ಅಪ್ಪ ಅಮ್ಮನನ್ನು ಬಿಟ್ಟು ಬಂದವರು, ನೀವೇ ಒಬ್ಬರಿಗೊಬ್ಬರು ಆಗದಿದ್ದರೆ ಇನ್ನು ಯಾರು ಆಗುತ್ತಾರೆ ಎಂಬುದು ಅವರ ಪ್ರಶ್ನೆಯ ಸಾರ. ಈ ಎರಡನೆಯ ಭಾಗದ ತೂಕ ನನಗೆ ತಿಳಿದದ್ದು ಹೋದ ವರ್ಷ, ನಮ್ಮ ಶಾಲೆಯ ಒಬ್ಬ ಹುಡುಗಿಯಿಂದ.

ಅವಳ ಹೆಸರು, ಊರು ಹೇಳುವುದಿಲ್ಲ. ಬರೆದದ್ದನ್ನು ಮೊದಲು ಅವಳಿಗೂ ಅವಳ ಅಪ್ಪ ಅಮ್ಮನಿಗೂ ಓದಲು ಕೊಟ್ಟಿದ್ದೆ. ಅವಳು ಎರಡು ಸಾಲು ಹೊಡೆದುಹಾಕಿ ವಾಪಸ್ಸು ಕೊಟ್ಟಳು. ಆ ಎರಡು ಸಾಲು ಇಲ್ಲಿಲ್ಲ.

ಹೋದ ವರ್ಷ ಅವಳು ಒಂಬತ್ತನೇ ತರಗತಿ. ದಸರಾ ರಜೆಗೆ ಮುಂಚೆ, ಒಂದೇ ಪೀರಿಯಡ್ಡಿನಲ್ಲಿ ಎರಡು ಮೂರು ಸಲ "ಸಾರ್, ಹೊರಗೆ ಹೋಗ್ಬೇಕು" ಎಂದು ಎದ್ದು ನಿಲ್ಲುತ್ತಿದ್ದಳು. ಬಾಟಲಿಯ ನೀರು ಸಾಲದೆ ಪಕ್ಕದವಳ ಬಾಟಲಿಯನ್ನೂ ಖಾಲಿ ಮಾಡುತ್ತಿದ್ದಳು. ನಾನು ಹಳಗನ್ನಡ ಪದ್ಯ ಬಿಡಿಸುವ ಭರದಲ್ಲಿ, "ಇದೇನವ್ವ, ಕ್ಲಾಸಿಗೆ ಬಂದಿದ್ದೀಯೋ ಬಚ್ಚಲಿಗೆ ಬಂದಿದ್ದೀಯೋ" ಎಂದುಬಿಟ್ಟೆ. ಹುಡುಗರು ನಕ್ಕರು. ನನಗೂ ನಗು ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ರಜೆಯಲ್ಲಿ ಅವಳಿಗೆ ವಾಂತಿ ಶುರುವಾಗಿ, ಉಸಿರು ಮೇಲುಮೇಲಕ್ಕೆ ಬಂದು, ಪ್ರಜ್ಞೆ ತಪ್ಪುವ ಹೊತ್ತಿಗೆ ಆಸ್ಪತ್ರೆ ಸೇರಿಸಿದರಂತೆ. ಟೈಪ್ 1 ಸಕ್ಕರೆ ಕಾಯಿಲೆ.

ಅಳತೆ ಮೀರಿದ ಬಾಯಾರಿಕೆ, ಪದೇಪದೇ ಮೂತ್ರ, ಇದ್ದಕ್ಕಿದ್ದಂತೆ ತೂಕ ಇಳಿಯುವುದು, ಸುಸ್ತು. ಮಕ್ಕಳಲ್ಲಿ ಇಷ್ಟು ಕಂಡರೆ ಒಂದು ತೊಟ್ಟು ರಕ್ತ ಪರೀಕ್ಷೆ ಮಾಡಿಸಬೇಕು. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಇದು ಗೊತ್ತಿರಲಿಲ್ಲ. ಈ ಗುಂಪಿನಲ್ಲಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಇದ್ದೀರಿ. ಉಳಿದದ್ದನ್ನು ಓದದಿದ್ದರೂ ಈ ಒಂದು ಮಾತು ನೆನಪಿಡಿ.

ಈ ಕಾಯಿಲೆ ಸಿಹಿ ತಿಂದು ಬರುವುದಲ್ಲ. ಮುಟ್ಟಿದರೆ ಅಂಟುವುದಲ್ಲ. ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದುಹಾಕುತ್ತದೆ. ಇನ್ಸುಲಿನ್ ಇಲ್ಲದೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮಾತ್ರೆಯಾಗಿ ನುಂಗಿದರೆ ಅದು ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುವುದರಿಂದ ಸೂಜಿಯೇ ಗತಿ. ದಿನಕ್ಕೆ ಎರಡು ಮೂರು ಸಲ, ಕೆಲವರಿಗೆ ನಾಲ್ಕು ಸಲ, ಬದುಕಿರುವವರೆಗೂ. 1922ಕ್ಕಿಂತ ಮುಂಚೆ ಇದು ಬಂದ ಮಕ್ಕಳನ್ನು ಉಪವಾಸ ಹಾಕಿ ಸಾವನ್ನು ಸ್ವಲ್ಪ ಮುಂದೂಡುತ್ತಿದ್ದರು, ಅಷ್ಟೇ. ಆ ವರ್ಷದ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಸೂಜಿ ಹಾಕಿದರು. ಮೊದಲನೆಯದು ಸರಿಬರಲಿಲ್ಲ. ಇನ್ನಷ್ಟು ಶುದ್ಧಮಾಡಿ ಕೊಟ್ಟ ಎರಡನೆಯದರಿಂದ ಹುಡುಗ ಚೇತರಿಸಿಕೊಂಡ. ಆ ವರ್ಷ ನಮ್ಮ ಬಾಬಾಸಾಹೇಬರು ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪ್ರಬಂಧ ಬರೆಯುತ್ತಿದ್ದರು. ಮುಂದೆ ಬಾಬಾಸಾಹೇಬರನ್ನೂ ಸಕ್ಕರೆ ಕಾಯಿಲೆ ಹಣ್ಣು ಮಾಡಿತು. ಅವರದು ವಯಸ್ಸಾದ ಮೇಲೆ ಬಂದದ್ದು, ಮಕ್ಕಳಿಗೆ ಬರುವ ಈ ಬಗೆಯದಲ್ಲ. ಆದರೂ ಆ ಹುಡುಗಿಗೆ ಈ ವಿಷಯ ಹೇಳಿದಾಗ, "ಬಾಬಾಸಾಹೇಬ್ರಿಗೂ ಶುಗರ್ ಇತ್ತಾ ಸಾರ್?" ಎಂದು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

ಕಾಯಿಲೆಯ ಹಿಂದೆಯೇ ಊರಿನ ಮಾತುಗಳು ಬಂದವು. ಅಜ್ಜಿ, ಸೂಜಿ ನಿಲ್ಲಿಸಿ ಹರಕೆ ಕಟ್ಟೋಣ ಎಂದು ಹಟ ಹಿಡಿದರು. ಅಪ್ಪ ದೀಕ್ಷೆ ತಗೊಂಡವನು, 22 ಪ್ರತಿಜ್ಞೆ ಬಾಯಿಪಾಠ ಇರುವವನು. ಆದರೂ ಮಗಳ ವಿಷಯದಲ್ಲಿ ಒಂದು ರಾತ್ರಿ ಅಲ್ಲಾಡಿದನಂತೆ. ಅವನನ್ನು ಬಯ್ಯಲು ನನಗೆ ಬಾಯಿಲ್ಲ. ಸೂಜಿ ನಿಲ್ಲಿಸಿದರೆ ಮಗು ಕೆಲವೇ ದಿನದಲ್ಲಿ ಹೋಗಿಬಿಡುತ್ತದೆ ಎಂದು ಆಸ್ಪತ್ರೆಯ ನರ್ಸಮ್ಮ ಒರಟಾಗಿಯೇ ಹೇಳಿದ್ದಕ್ಕೆ ಉಳಿದುಕೊಂಡಿತು. ಅದಕ್ಕಿಂತ ನನಗೆ ನೋವಾದದ್ದು ನಮ್ಮವರೇ ಒಬ್ಬರು, ವಿಹಾರಕ್ಕೆ ತಪ್ಪದೆ ಬರುವವರು, "ಹಿಂದಿನ ಜನ್ಮದ್ದು ಇರಬೇಕು ಮೇಷ್ಟ್ರೇ" ಎಂದಾಗ. ಬಂಧುಗಳೇ, ಇದೇ ಪ್ರಶ್ನೆಯನ್ನು ಸೀವಕನೆಂಬ ಪರಿವ್ರಾಜಕ ಭಗವಾನರನ್ನು ಕೇಳಿದ್ದು ಸಂಯುತ್ತ ನಿಕಾಯದಲ್ಲಿದೆ. ಮನುಷ್ಯ ಪಡುವ ಪಾಡೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಅವನು ಕೇಳಿದ. ಪಿತ್ತ, ಕಫ, ವಾತ, ಹವಾಮಾನದ ಬದಲಾವಣೆ ಎಂದು ಕಾರಣಗಳನ್ನು ಎಣಿಸಿ ಹೇಳಿ, ಎಲ್ಲವೂ ಹಿಂದಿನ ಕರ್ಮ ಎನ್ನುವವರ ಮಾತು ತಪ್ಪು ಎಂದರು ಭಗವಾನರು. ಬಾಬಾಸಾಹೇಬರಂತೂ ಹಿಂದಿನ ಜನ್ಮದ ಕರ್ಮದ ಮಾತನ್ನು ಬಡವರ ಸ್ಥಿತಿಯ ಹೊಣೆಯಿಂದ ಸಮಾಜ ನುಣುಚಿಕೊಳ್ಳುವ ಉಪಾಯ ಎಂದೇ ಕಂಡವರು. ಒಂಬತ್ತನೇ ಕ್ಲಾಸಿನ ಮಗುವಿನ ತಲೆಯ ಮೇಲೆ ನಾವು ಅದನ್ನು ಹೊರಿಸುವುದು ಬೇಡ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಆಸ್ಪತ್ರೆಯಿಂದ ಬಂದಮೇಲೆ ಅವಳಿಗೆ ಮಧ್ಯಾಹ್ನ ಬಿಸಿಯೂಟಕ್ಕೆ ಮುಂಚೆ ಸೂಜಿ ಹಾಕಿಕೊಳ್ಳಬೇಕಿತ್ತು. ಮಕ್ಕಳು ನೋಡುತ್ತಾರೆ, ಆಡಿಕೊಳ್ಳುತ್ತಾರೆ ಎಂದು ನಾನು ಅವಳಿಗೆ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಕುರ್ಚಿ ಹಾಕಿಸಿದೆ. ತಟ್ಟೆಯನ್ನೂ ಅಲ್ಲಿಗೇ ತರಿಸಿದೆ. ಸೂಜಿ ಹಾಕಿಕೋ, ಇಲ್ಲೇ ಊಟ ಮಾಡು, ಆರಾಮಾಗಿರು ಎಂದೆ. ಆಟದ ಪೀರಿಯಡ್ಡಿಗೆ ಹೋಗುವುದು ಬೇಡ, ಲೈಬ್ರರಿಯಲ್ಲಿ ಕೂತು ಓದು ಎಂದೆ. ಎಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅವಳ ತಾಯಿ ಕೈಮುಗಿದು, "ಅಣ್ಣ, ನಿಮ್ಮಂಥೋರು ಇರೋದಕ್ಕೆ ನಮ್ ಮಕ್ಳು ಓದ್ತಾವೆ" ಎಂದಳು. ನಾನು ಆ ಮಾತನ್ನು ಇಟ್ಟುಕೊಂಡು ಒಂದು ತಿಂಗಳು ಸಂತೋಷವಾಗಿದ್ದೆ.

ನವೆಂಬರ್ ಕೊನೆಯಲ್ಲಿ ಹುಡುಗಿ ಮತ್ತೆ ಆಸ್ಪತ್ರೆ ಸೇರಿದಳು. ಸಕ್ಕರೆ ನೋಡಿ ಬರೆದಿಡುವ ನೋಟ್‌ಬುಕ್ಕಿನಲ್ಲಿ ಎಲ್ಲ ಚೆನ್ನಾಗಿತ್ತು. 110, 120, 130. ರಕ್ತದಲ್ಲಿ ಮಾತ್ರ ಮಿಷನ್ನು ತೋರಿಸಲಾರದಷ್ಟು ಏರಿತ್ತು. ಮಧ್ಯಾಹ್ನದ ಸೂಜಿಯನ್ನು ಎಷ್ಟೋ ದಿನದಿಂದ ಹಾಕಿಕೊಂಡಿರಲೇ ಇಲ್ಲ. ಔಷಧವನ್ನು ಸ್ಟಾಫ್ ರೂಮಿನ ಕಿಟಕಿಯಿಂದ ಹೊರಗೆ ಚಿಮ್ಮಿಸಿಬಿಡುತ್ತಿದ್ದಳಂತೆ. ಯಾಕವ್ವ ಎಂದು ಎಲ್ಲರೂ ಕೇಳಿದರು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಅದಾದ ಕೆಲವು ದಿನಕ್ಕೆ ಡಿಸೆಂಬರ್ 6. ನಮ್ಮ ವಿಹಾರದಲ್ಲಿ ಮೇಣದಬತ್ತಿ ಹಚ್ಚಿದ ಮೇಲೆ, ಬಾಬಾಸಾಹೇಬರು ತಮ್ಮ ಬದುಕಿನ ಕೆಲವು ಅನುಭವಗಳನ್ನು ಬರೆದಿಟ್ಟ 'ವೇಟಿಂಗ್ ಫಾರ್ ಎ ವೀಸಾ' ಓದಿದೆವಲ್ಲ. ಅವತ್ತು ಬಂದಿದ್ದವರಿಗೆ ನೆನಪಿರಬಹುದು, ನಾನು ಓದುತ್ತಾ ಓದುತ್ತಾ ಪುಸ್ತಕವನ್ನು ಪಕ್ಕದವರ ಕೈಗೆ ಕೊಟ್ಟು ಹೊರಗೆ ಎದ್ದುಹೋದೆ. ಕೆಮ್ಮು ಬಂತು ಎಂದೆ. ಕೆಮ್ಮಲ್ಲ. ಬಾಲಕ ಭೀಮ ಕ್ಲಾಸಿನ ಮೂಲೆಯಲ್ಲಿ ಕೂರಲು ಮನೆಯಿಂದ ಗೋಣಿತಾಟು ತರುತ್ತಿದ್ದದ್ದು, ಶಾಲೆ ಗುಡಿಸುವ ಆಳೂ ಅದನ್ನು ಮುಟ್ಟದಿದ್ದದ್ದರಿಂದ ಸಂಜೆ ಸುತ್ತಿಕೊಂಡು ವಾಪಸ್ಸು ಒಯ್ಯುತ್ತಿದ್ದದ್ದು, ಪ್ಯೂನ್ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲದೆ ಇರುತ್ತಿದ್ದದ್ದು. ಅದೇ ಬರಹದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಮೇಷ್ಟ್ರ ಪ್ರಸಂಗವಿದೆ. ಬಾಣಂತಿ ಹೆಂಡತಿಗೆ ಜ್ವರ. ಕೇರಿಯ ಹೊರಗೆ ನಿಂತ ಡಾಕ್ಟರು ಜ್ವರದ ಕಡ್ಡಿಯನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟು, ಅವನು ಗಂಡನ ಕೈಗೆ ಕೊಟ್ಟು, ಗಂಡ ಹೆಂಡತಿಗೆ ಇಟ್ಟು, ಮತ್ತೆ ಅದೇ ದಾರಿಯಲ್ಲಿ ಕಡ್ಡಿ ವಾಪಸ್ಸು. ಆ ತಾಯಿ ಉಳಿಯಲಿಲ್ಲ.

ಜಾತಿಯ ಕ್ರೌರ್ಯಕ್ಕೂ ನನ್ನ ಸ್ಟಾಫ್ ರೂಮಿನ ಕುರ್ಚಿಗೂ ಹೋಲಿಕೆ ಮಾಡುತ್ತಿಲ್ಲ. ಅದು ದೊಡ್ಡ ಮಾತಾಗುತ್ತದೆ, ಸುಳ್ಳೂ ಆಗುತ್ತದೆ. ಆದರೆ ಮೂಲೆಯಲ್ಲಿ ಕೂತ ಮಗುವಿಗೆ, ತನ್ನನ್ನು ಅಲ್ಲಿ ಕೂರಿಸಿದ್ದು ಅಸಹ್ಯದಿಂದಲೋ ಕರುಣೆಯಿಂದಲೋ ಎಂಬುದು ಹೇಗೆ ಗೊತ್ತಾಗಬೇಕು? ತಟ್ಟೆಯನ್ನು ಬೇರೆ ಕಡೆ ತರಿಸಿ ಉಣ್ಣಿಸುವುದು ಎಂದರೆ ಏನು ಎಂಬುದು ನನಗಾದರೂ ಗೊತ್ತಿರಬೇಕಿತ್ತು. ನನ್ನ ತಾತ ಹೋಟೆಲ್ಲಿನ ಹಿಂದೆ, ಗೋಡೆಗೆ ಸಿಕ್ಕಿಸಿಟ್ಟ ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದವರು.

ಆಗಲೂ ನಾನು ತಿದ್ದಿಕೊಂಡದ್ದು ತಪ್ಪು ದಾರಿಯಲ್ಲೇ. ಮರುದಿನವೇ ಕ್ಲಾಸಿನಲ್ಲಿ ನಿಂತು, ಅವಳು ಆಸ್ಪತ್ರೆಯಿಂದ ಬರುವ ಮುಂಚೆಯೇ, ಟೈಪ್ 1 ಎಂದರೇನು, ಇನ್ಸುಲಿನ್ ಎಂದರೇನು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಎಲ್ಲರೂ ಅವಳನ್ನು ಚೆನ್ನಾಗಿ ನೋಡಿಕೊಳ್ಳಬೇಕು ಎಂದೆ. ಮಕ್ಕಳು ಒಳ್ಳೆಯವರೇ. ಅವಳು ಬಂದ ದಿನ ನಾಲ್ಕು ಜನ ಓಡಿಹೋಗಿ ಬ್ಯಾಗು ಹೊತ್ತುಕೊಂಡರು. ಒಬ್ಬಳು, "ನಿಂಗೆ ಚಿಕ್ಕಿ ಕೊಡಬಾರ್ದಂತೆ" ಎಂದು ಅವಳ ಪಾಲಿನ ಚಿಕ್ಕಿಯನ್ನು ಪ್ರೀತಿಯಿಂದಲೇ ಕಿತ್ತುಕೊಂಡಳು. ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ನಾನು ಮನೆಗೆ ಹೋದೆ. ಹಟ್ಟಿಯ ಮುಂದೆ ಅವಳಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಹುಡುಗಿ ಒಳಗಿನಿಂದಲೇ ಹೇಳಿದಳು, "ನನ್ ವಿಷ್ಯ ನೀವ್ ಯಾಕ್ ಹೇಳುದ್ರಿ ಸಾರ್?" ನನಗೆ ಉತ್ತರ ಇರಲಿಲ್ಲ. ತಪ್ಪಾಯ್ತು ಕಣವ್ವ ಎಂದೆ. ಅವಳಮ್ಮ ಗಾಬರಿಯಾಗಿ, "ಮೇಷ್ಟ್ರಿಗೆ ಹಂಗಂತಾರಾ" ಎಂದು ಗದರಿದಳು. ನಾನೇ ತಡೆದೆ. ತುಂಬ ಹೊತ್ತಾದ ಮೇಲೆ ಹುಡುಗಿ ಬಾಗಿಲಿಗೆ ಬಂದು ಕೂತಳು. "ಈಗ ಎಲ್ರಿಗೂ ಗೊತ್ತು ಸಾರ್. ಆದ್ರೆ ಯಾರ್‌ಗೂ ಗೊತ್ತಿಲ್ಲ" ಎಂದಳು.

ಆ ಮಾತನ್ನು ನಾನು ಬಸ್ಸಿನಲ್ಲಿ ಊರಿಗೆ ಬರುವವರೆಗೂ ಹಿಡಿದುಕೊಂಡು ಬಂದೆ. ಡಾಕ್ಟರಿಗೆ ಕಾಯಿಲೆ ಗೊತ್ತು. ಅಮ್ಮನಿಗೆ ಸಂಕಟ ಗೊತ್ತು. ನನಗೆ ಪುಸ್ತಕ ಗೊತ್ತು. ಊಟದ ಹೊತ್ತಿಗೆ ಎಲ್ಲರೂ ತಟ್ಟೆ ಹಿಡಿದು ಓಡುವಾಗ ತಾನೊಬ್ಬಳು ಬೆರಳಿಗೆ ಚುಚ್ಚಿಕೊಂಡು ಲೆಕ್ಕ ಹಾಕುವುದು, ರಾತ್ರಿ ಸಕ್ಕರೆ ಇಳಿದು ಬೆವರಿ ಎದ್ದಾಗ ಬೆಳಿಗ್ಗೆ ಇರುತ್ತೇನೋ ಇಲ್ಲವೋ ಎಂದುಕೊಳ್ಳುವುದು, ಇದು ಹೇಗಿರುತ್ತದೆ ಎಂದು ಬಲ್ಲವರು ಅವಳ ಲೋಕದಲ್ಲಿ ಒಬ್ಬರೂ ಇರಲಿಲ್ಲ.

ಸಂಯುತ್ತ ನಿಕಾಯದಲ್ಲೇ ಇನ್ನೊಂದು ಪುಟ್ಟ ಸುತ್ತವಿದೆ. ಕಲ್ಯಾಣಮಿತ್ರರು ಸಿಕ್ಕರೆ ಈ ದಾರಿಯ ಅರ್ಧ ಸಾಗಿದಂತೆಯೇ ಎಂದು ಆನಂದರು ಹೇಳುತ್ತಾರೆ. ಭಗವಾನರು ಅವರನ್ನು ತಡೆದು ಹಾಗೆನ್ನಬೇಡ ಎನ್ನುತ್ತಾರೆ. ಅರ್ಧವಲ್ಲ, ಅದೇ ಪೂರ್ತಿ ಎನ್ನುತ್ತಾರೆ. ಇದನ್ನು ನಾವು ಸಾಧನೆಯ ವಿಷಯದಲ್ಲಿ ಮಾತ್ರ ಓದುತ್ತೇವೆ. ನಾನು ಆ ರಾತ್ರಿ ಕಾಯಿಲೆಯ ವಿಷಯದಲ್ಲಿ ಓದಿಕೊಂಡೆ. ಔಷಧ ಒಂದು ಅರ್ಧ, ಆರೈಕೆ ಇನ್ನೊಂದು ಅರ್ಧ ಎಂದು ನಾವು ಲೆಕ್ಕ ಮುಗಿಸಿದ್ದೆವು. ಜೊತೆಗಾತಿ ಇಲ್ಲದ್ದರಿಂದ ಔಷಧವೇ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು.

ಇದೇ ಕಾಯಿಲೆಯ ಇನ್ನೊಂದು ಮಗುವನ್ನು ಹುಡುಕುವುದು ಸುಲಭವಾಗಿರಲಿಲ್ಲ. ಮಕ್ಕಳ ಡಾಕ್ಟರು ಯಾರ ಹೆಸರನ್ನೂ ಕೊಡಲು ಒಪ್ಪಲಿಲ್ಲ. ಅದು ಸರಿಯೇ. ನಾನು ನನ್ನ ನಂಬರು ಬರೆದುಕೊಟ್ಟು, ಯಾರಾದರೂ ಮಾತಾಡಲು ಒಪ್ಪಿದರೆ ಅವರೇ ಫೋನ್ ಮಾಡಲಿ ಎಂದು ಕೇಳಿಕೊಂಡೆ. ಒಂದು ತಿಂಗಳು ಯಾರೂ ಮಾಡಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಹೆಣ್ಣುಧ್ವನಿ, ತುಂಬ ಮೆಲ್ಲಗೆ. ಪಿಯುಸಿ ಹುಡುಗಿ. ಎಂಟು ವರ್ಷದಿಂದ ಸೂಜಿ ಹಾಕಿಕೊಳ್ಳುತ್ತಿದ್ದಾಳೆ. "ಸಾರ್, ನಮ್ಮಮ್ಮ ಬ್ಯಾಡ ಅಂತಾರೆ. ಆದ್ರೂ ನಾನ್ ಬರ್ತೀನಿ. ಇಷ್ಟ್ ವರ್ಷದಲ್ಲಿ ನಾನೂ ಇನ್ನೊಬ್ರನ್ನ ನೋಡಿಲ್ಲ" ಎಂದಳು.

ಅಮ್ಮ ಬೇಡ ಎಂದದ್ದಕ್ಕೆ ಕಾರಣವಿತ್ತು. ಹೆಣ್ಣುಮಗು, ನಾಳೆ ಮದುವೆಯಾಗಬೇಕು. ಸೂಜಿಯ ವಿಷಯ ಆ ಮನೆಯ ಹೊಸಿಲು ದಾಟಿರಲಿಲ್ಲ. ಸೋದರಮಾವನಿಗೂ ತಿಳಿಸಿರಲಿಲ್ಲ. ಕೊನೆಗೆ ಆಕೆಯೂ ಮಗಳ ಜೊತೆ ಬಂದರು. ಆಸ್ಪತ್ರೆಯ ಆವರಣದ ಬೇವಿನಮರದ ಕಟ್ಟೆಯ ಮೇಲೆ ಇಬ್ಬರು ಅಮ್ಮಂದಿರು ಎರಡು ತುದಿಗೆ, ನಾನು ಟೀ ಅಂಗಡಿಯ ಹತ್ತಿರ. ಮಕ್ಕಳಿಬ್ಬರೂ ನಡುವೆ. ಮೊದಲ ಹತ್ತು ನಿಮಿಷ ಒಂದು ಮಾತಿಲ್ಲ. ನಾನು ಎದ್ದುಹೋಗಿ ಏನಾದರೂ ಮಾತು ಶುರು ಮಾಡಿಸಲೇ ಎಂದುಕೊಂಡೆ. ಮೇಷ್ಟ್ರ ಚಟ. ಪುಣ್ಯಕ್ಕೆ ಹೋಗಲಿಲ್ಲ.

ದೊಡ್ಡವಳು ಚಿಕ್ಕವಳ ನೋಟ್‌ಬುಕ್ಕು ತಗೊಂಡು ಪುಟ ತಿರುಗಿಸಿದಳು. 110, 120, 130. ತಲೆಯೆತ್ತಿ, "ಇದೆಲ್ಲ ಸುಳ್ಳು ತಾನೇ?" ಎಂದಳು. ಚಿಕ್ಕವಳ ಮುಖ ಕಪ್ಪಿಟ್ಟಿತು. "ನಾನೂ ಹಿಂಗೇ ಬರೀತಿದ್ದೆ. ಆದ್ರೆ ನಾನು 113, 127 ಅಂತ ಬರೀತಿದ್ದೆ. ಸೊನ್ನೆ ಬರುದ್ರೆ ಡಾಕ್ಟ್ರು ಹಿಡಿದ್ಬಿಡ್ತಾರೆ ಕಣೇ" ಎಂದಳು. ಚಿಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ದಸರಾ ಆದಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಆಮೇಲೆ ಒಂದೂವರೆ ಗಂಟೆ ಅವರು ಏನು ಮಾತಾಡಿದರೋ ನನಗೆ ಪೂರ್ತಿ ಗೊತ್ತಿಲ್ಲ. ಕೈಬೆರಳು ತೋರಿಸಿಕೊಂಡರು. ಬೆರಳಿನ ತುದಿಯ ನಡುವೆ ಚುಚ್ಚಬಾರದು, ಪಕ್ಕದಲ್ಲಿ ಚುಚ್ಚಬೇಕು, ನೋವು ಕಡಿಮೆ. ಸೂಜಿಯನ್ನು ಒಂದೇ ಜಾಗಕ್ಕೆ ಹಾಕಿದರೆ ಅಲ್ಲಿ ಗಂಟು ಕಟ್ಟುತ್ತದೆ, ಜಾಗ ಬದಲಾಯಿಸುತ್ತಿರಬೇಕು. ಇದೆಲ್ಲ ಆಸ್ಪತ್ರೆಯಲ್ಲೂ ಹೇಳಿದ್ದರು. ಆದರೆ ಆಸ್ಪತ್ರೆಯವರು ಹೇಳದ ಮಾತುಗಳೂ ಇದ್ದವು. ಮುಟ್ಟಿನ ದಿನಗಳಲ್ಲಿ ಸಕ್ಕರೆ ಏರುಪೇರಾಗುವುದು. ನೆಂಟರ ಮನೆಯಲ್ಲಿ ಹೋಳಿಗೆ ಬಡಿಸಿದಾಗ ಏನು ಹೇಳಬೇಕು. ಕರೆಂಟಿದ್ದರೂ ಫ್ರಿಜ್ಜಿಲ್ಲದ ಮನೆಯಲ್ಲಿ ಬೇಸಿಗೆಗೆ ಇನ್ಸುಲಿನ್ ಸೀಸೆಯನ್ನು ನೀರು ಸೇರದಂತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಮಣ್ಣಿನ ಮಡಕೆಯಲ್ಲಿ ತಂಪಾಗಿಡುವುದು. ನಡುನಡುವೆ ಅತ್ತರು ಕೂಡ. ಅಮ್ಮಂದಿರಿಬ್ಬರೂ ಒಟ್ಟಿಗೇ ಎದ್ದರು, ಒಬ್ಬರನ್ನೊಬ್ಬರು ನೋಡಿ ಮತ್ತೆ ಕೂತರು.

ಕಿಸಾಗೋತಮಿಯ ಕಥೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಸತ್ತ ಕೂಸನ್ನು ಎತ್ತಿಕೊಂಡು ಬಂದವಳಿಗೆ, ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದದ್ದು. ಸಾವು ಯಾರನ್ನೂ ಬಿಟ್ಟಿಲ್ಲ ಎಂಬುದೇ ಅದರ ನೀತಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅಷ್ಟೇ ಆಗಿದ್ದರೆ ಭಗವಾನರು ಅದನ್ನು ಒಂದೇ ಮಾತಿನಲ್ಲಿ ತಾವೇ ಹೇಳಬಹುದಿತ್ತು. ಹೇಳಲಿಲ್ಲ. ಮನೆಮನೆಗೆ ಕಳಿಸಿದರು. ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬರು, ನಮ್ಮ ಮಗ ಹೋದ, ನಮ್ಮ ತಾಯಿ ಹೋದಳು ಎಂದು ಅವಳ ಎದುರು ನಿಂತು ಹೇಳಿರಬೇಕು. ಬುದ್ಧರ ಬಾಯಿಂದಲ್ಲ, ತನ್ನಂಥವರ ಬಾಯಿಂದ ಕೇಳಿಸಿಕೊಂಡಳು. ಕೂಸನ್ನು ಕೆಳಗಿಳಿಸಲು ಅವಳಿಗೆ ಆದದ್ದು ಆಮೇಲೆ. ನಾನು ಇಷ್ಟು ವರ್ಷ ಸಾಸಿವೆಯನ್ನು ನೋಡಿದೆ, ಬಾಗಿಲುಗಳನ್ನು ನೋಡಿರಲಿಲ್ಲ.

ಎಲ್ಲ ಸಲೀಸಾಯಿತು ಎಂದುಕೊಳ್ಳಬೇಡಿ. ದೊಡ್ಡವಳು ಒಂದು ಸಲ ತನ್ನ ಲೆಕ್ಕದಂತೆ ಸೂಜಿಯ ಅಳತೆ ಹೆಚ್ಚಿಸಿಕೋ ಎಂದು ಚಿಕ್ಕವಳಿಗೆ ಫೋನಿನಲ್ಲಿ ಹೇಳಿ, ಚಿಕ್ಕವಳು ಅದರಂತೆ ಮಾಡಲು ಹೊರಟಿದ್ದಳು. ಡಾಕ್ಟರು ಇಬ್ಬರನ್ನೂ ಕೂರಿಸಿ ಬೈದರು. ಅಳತೆಯ ವಿಷಯ ಡಾಕ್ಟರದು, ಉಳಿದ ಮಾತೆಲ್ಲ ನಿಮ್ಮದು ಎಂದು ಅವತ್ತು ಗೆರೆ ಎಳೆದದ್ದಾಯಿತು. ಪರೀಕ್ಷೆಯ ಹೊತ್ತಿಗೆ ಒಂದು ತಿಂಗಳು ಮಾತೇ ಬಿಟ್ಟಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ.

ಬೇಸಿಗೆ ರಜೆಯಲ್ಲಿ ದೊಡ್ಡವಳು ಚಿಕ್ಕವಳ ಮನೆಗೆ ಹೋಗಬೇಕೆಂದು ಹಟ ಮಾಡಿದಳು. ಅವರು ಊರಿನ ಮೇಲ್ಗೇರಿಯವರು. ಚಿಕ್ಕವಳ ಮನೆ ನಮ್ಮ ಕೇರಿಯಲ್ಲಿ. ಇಬ್ಬರು ಅಮ್ಮಂದಿರಿಗೂ ಅದರ ಅರ್ಥ ಗೊತ್ತಿತ್ತು. ಆಕೆ ಮಗಳ ಜೊತೆ ಬಂದರು. ಹೊರಗೆ ಜಗಲಿಯ ಮೇಲೆ ಹಾಸಿದ ಹೊಸ ಚಾಪೆಯ ಅಂಚಿನಲ್ಲಿ ಕೂತರು. ಬಸ್ಸು ತಡವಾಗಿ, ಸುಡುಬಿಸಿಲಿನಲ್ಲಿ ನಡೆದು ಬಂದಿದ್ದರು. ಹುಡುಗಿ ಊಟದ ಹೊತ್ತು ಮೀರಿಸಿದ್ದಳು. ಮಾತಾಡುತ್ತಾ ಇದ್ದವಳು ಯಾಕೋ ಸಿಡುಕತೊಡಗಿದಳು. ನಮಗ್ಯಾರಿಗೂ ಏನೂ ಗೊತ್ತಾಗಲಿಲ್ಲ, ಅವಳ ಅಮ್ಮನಿಗೂ. ಚಿಕ್ಕವಳು ಥಟ್ಟನೆ ಅವಳ ಕೈ ಹಿಡಿದು, "ಅಕ್ಕಾ, ನಡುಗ್ತಿದೀಯ" ಎಂದು ಮಿಷನ್ನು ತಂದು ಬೆರಳಿಗೆ ಚುಚ್ಚಿದಳು. 54. ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ಕಾಯುವಂತಿಲ್ಲ. "ಅವ್ವಾ, ಸಕ್ರೆ ನೀರು" ಎಂದು ಕೂಗಿದಳು.

ತಾಯಿ ಒಳಗೆ ಓಡಿಹೋಗಿ ಲೋಟದಲ್ಲಿ ನೀರು, ಸಕ್ಕರೆ ಕಲಸಿಕೊಂಡು ಬಂದಳು. ಬಂದವಳು ಹೊಸಿಲ ಮೇಲೆ ನಿಂತುಬಿಟ್ಟಳು. ಲೋಟ ಕೈಯಲ್ಲೇ ಇದೆ, ಕಣ್ಣು ಆ ಅಮ್ಮನ ಮೇಲಿದೆ. ಕೊಡಲೇ ಬೇಡವೇ ಎಂದು ಕೇಳುವ ಹಾಗೆ. ನಮ್ಮ ಹೆಣ್ಣುಮಕ್ಕಳ ಆ ನಿಲುವನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನನ್ನ ತಾಯಿಯೂ ಹಾಗೇ ನಿಲ್ಲುತ್ತಿದ್ದಳು. ಎರಡೋ ಮೂರೋ ಉಸಿರಿನಷ್ಟು ಹೊತ್ತು ಇದ್ದಿರಬಹುದು. ಹುಡುಗಿ ಎದ್ದುಹೋಗಿ ಅಮ್ಮನ ಕೈಯಿಂದ ಲೋಟ ಕಿತ್ತುಕೊಂಡು ಬಂದು, ಅಕ್ಕನ ಬಾಯಿಗೆ ಹಿಡಿದಳು. ಅಕ್ಕ ಗಟಗಟ ಕುಡಿದಳು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 82. ಆಮೇಲೆ ಇಬ್ಬರೂ ಒಳಗೆ ಹೋಗಿ, ಒಂದೇ ತಟ್ಟೆಯಲ್ಲಿ ಮುದ್ದೆ ಸೊಪ್ಪಿನ ಸಾರು ಉಂಡರು. ಮುದ್ದೆ ಎಷ್ಟು ದಪ್ಪ, ಅದಕ್ಕೆ ಎಷ್ಟು ಸೂಜಿ ಎಂದು ಒಳಗಿನಿಂದ ಜಗಳ ಕೇಳಿಸುತ್ತಿತ್ತು.

ಜಗಲಿಯ ಮೇಲೆ ಆಕೆ ಕೂತೇ ಇದ್ದರು. ಟೀ ಕೊಟ್ಟಾಗ, ಈಗ ತಾನೇ ಕುಡಿದು ಬಂದೆ ಎಂದರು. ಆಮೇಲೆ ಮೂರು ಸಲ ಬಂದಿದ್ದಾರೆ. ಇವತ್ತಿಗೂ ಆ ಮನೆಯಲ್ಲಿ ಒಂದು ತೊಟ್ಟು ನೀರು ಕುಡಿದಿಲ್ಲ. ಮಗಳು ಕುಡಿಯುತ್ತಾಳೆ, ಉಣ್ಣುತ್ತಾಳೆ, ಅದನ್ನು ಅವರು ಬೇಡ ಎಂದೂ ಹೇಳಿಲ್ಲ. ಹೋದ ತಿಂಗಳು ಬಂದಾಗ ಚಿಕ್ಕವಳ ತಾಯಿಗೆ ಒಂದು ಮಣ್ಣಿನ ಮಡಕೆ ತಂದುಕೊಟ್ಟರು, ಇನ್ಸುಲಿನ್ ಇಡಲು ಇದು ಚೆನ್ನಾಗಿ ತಂಪಿರುತ್ತದೆ ಎಂದು. ಅವರ ಮನಸ್ಸಿನಲ್ಲಿ ಏನಿದೆಯೋ ನಾನು ಊಹಿಸಲು ಹೋಗುವುದಿಲ್ಲ.

ನಮ್ಮ ಹುಡುಗಿ ಈಗ ಹತ್ತನೇ ತರಗತಿ. ಸ್ಟಾಫ್ ರೂಮಿನ ಕುರ್ಚಿ ತೆಗೆಸಿದ್ದೇನೆ. ಮಧ್ಯಾಹ್ನ ಗೆಳತಿಯರ ಸಾಲಿನಲ್ಲೇ ಕೂತು, ಲಂಗದ ಮೇಲಿಂದ ಒಂದು ಟವೆಲ್ ಹಾಕಿಕೊಂಡು ಸೂಜಿ ಹಾಕಿಕೊಳ್ಳುತ್ತಾಳೆ. ಯಾರಿಗೆ ಎಷ್ಟು ಹೇಳಬೇಕೋ ಅವಳೇ ಹೇಳಿಕೊಂಡಿದ್ದಾಳೆ. ಆಟಕ್ಕೂ ಹೋಗುತ್ತಾಳೆ, ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರುತ್ತದೆ. ನೋಟ್‌ಬುಕ್ಕಿನಲ್ಲಿ ಈಗ 243 ಕೂಡ ಇರುತ್ತದೆ, 61 ಕೂಡ ಇರುತ್ತದೆ. ಡಾಕ್ಟರಿಗೆ ಅದನ್ನು ನೋಡಿ ಖುಷಿಯಂತೆ.

ಹೋದ ವಾರ ಡಾಕ್ಟರೇ ನನಗೆ ಫೋನ್ ಮಾಡಿದ್ದರು. ಪಕ್ಕದ ತಾಲ್ಲೂಕಿನ ಏಳು ವರ್ಷದ ಒಬ್ಬ ಹುಡುಗ, ಕಾಯಿಲೆ ಗೊತ್ತಾಗಿ ಇನ್ನೂ ಮೂರು ವಾರ. ಸೂಜಿ ಎಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಾನಂತೆ. ಅಪ್ಪ ಅಮ್ಮ ಒಪ್ಪಿದ್ದಾರೆ. ನಾನು ಹುಡುಗಿಯನ್ನು ಕೇಳಿದೆ. "ನಾನೂ ಅಕ್ಕನೂ ಮಾತಾಡ್ತೀವಿ, ನೀವ್ ದೂರ ಕೂತ್ಕೊಳಿ ಸಾರ್" ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ ವಂದನೆ ಮುಗಿದ ಮೇಲೆ ಹನ್ನೊಂದು ಗಂಟೆಗೆ ವಿಹಾರದ ಹಿಂದಿನ ಕೋಣೆಯಲ್ಲಿ ಅವರು ಸೇರುತ್ತಾರೆ. ದಯವಿಟ್ಟು ಆ ಹೊತ್ತಿಗೆ ಯಾರೂ ಆ ಕಡೆ ಹೋಗಿ ವಿಚಾರಿಸಬೇಡಿ, ಸಿಹಿ ಹಂಚಬೇಡಿ, ಫೋಟೋ ತೆಗೆಯಬೇಡಿ. ಪುಸ್ತಕದ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಡಬ್ಬಿ ಸಕ್ಕರೆ, ಒಂದು ಚಮಚ, ಎರಡು ಲೋಟ ಇಟ್ಟಿದ್ದೇನೆ. ಟೀ ಮಾಡುವವರು ಆ ಸಕ್ಕರೆಗೆ ಮಾತ್ರ ಕೈ ಹಾಕಬೇಡಿ. ನಿಮ್ಮ ಊರಿನಲ್ಲಿ, ನೆಂಟರಲ್ಲಿ ಇಂಥ ಮಗು ಇದ್ದರೆ ಹೆಸರನ್ನು ಗುಂಪಿನಲ್ಲಿ ಹಾಕಬೇಡಿ. ಮನೆಯವರನ್ನು ಕೇಳಿ, ಮಗುವನ್ನೂ ಕೇಳಿ, ಆಮೇಲೆ ನನಗೆ ಪ್ರತ್ಯೇಕವಾಗಿ ತಿಳಿಸಿ.

ಭವತು ಸಬ್ಬ ಮಂಗಲಂ. ಜೈ ಭೀಮ್.